ಕಾಲಿಲ್ಲದ ಪ್ರಾಣಿ, ಮೂರು ಲಕ್ಷದೊಳಗೆ

ಕುಮಟಾದಲ್ಲಿ ಇಪ್ಪತ್ತಮೂರು ವರ್ಷಗಳಿಂದ ಮದುವೆ ವಿಡಿಯೊ ಮಾಡುತ್ತಿರುವವನು ನಾನು. ಧಾರೆ, ಸಪ್ತಪದಿ, ಊಟದ ಪಂಕ್ತಿ, ಹೆಣ್ಣು ಒಪ್ಪಿಸುವಾಗಿನ ಅಳು, ಇವಿಷ್ಟೇ ನನ್ನ ಸಿನಿಮಾ ಆಗಿತ್ತು. ಹೋದ ವರ್ಷ ನಾಲ್ಕೈದು ಹುಡುಗರ ಜೊತೆ ಸೇರಿ 52 ನಿಮಿಷದ ಒಂದು ಹೆದರಿಕೆಯ ಚಿತ್ರ ಮಾಡಿದೆ. ಅಘನಾಶಿನಿ ಅಳಿವೆಯ ಅಂಚಿನಲ್ಲಿ, ಊರಿನಿಂದ ದೂರ, ಒಂದು ಸಂಶೋಧನಾ ಕೇಂದ್ರ. ಅಲ್ಲಿ ಮೂವರು. ಕೆಸರಿನೊಳಗೆ ಒಂದು ಪ್ರಾಣಿ. ಒಟ್ಟು ಖರ್ಚು 2,84,600 ರೂಪಾಯಿ. ಅಂದಿನಿಂದ ವಾರಕ್ಕೊಬ್ಬನಾದರೂ ಸ್ಟುಡಿಯೊ ಮೆಟ್ಟಿಲು ಹತ್ತಿ, "ಅಣ್ಣಾ, ಪ್ರಾಣಿಯನ್ನು ಹೇಗೆ ಮಾಡಿದಿರಿ?" ಎಂದು ಕೇಳುತ್ತಾನೆ. ಎಲ್ಲರಿಗೂ ಚಹಾ ತರಿಸಿ ಹೇಳಿ ಸಾಕಾಗಿದೆ. ಇನ್ನು ಇದನ್ನೇ ಓದಲು ಕೊಡುತ್ತೇನೆ.

ಎಲ್ಲರೂ ತಪ್ಪುವುದು ಒಂದೇ ಕಡೆ. ಪ್ರಾಣಿಯ ಚಿತ್ರ ಬರೆದುಕೊಂಡು ಬರುತ್ತಾರೆ. ಆರು ಕಾಲು, ಹೊಳೆಯುವ ಕಣ್ಣು, ಬಾಲ, ಬಾಲಕ್ಕೆ ಮುಳ್ಳು. ಆ ಕಾಗದವನ್ನು ಮಡಚಿಡಿ. ಬೇರೊಂದು ಕಾಗದದಲ್ಲಿ ನಿಮ್ಮಿಂದ ಏನೇನು ಆಗುವುದಿಲ್ಲ ಎಂದು ಬರೆಯಿರಿ. ನಮ್ಮ ಪಟ್ಟಿ ಹೀಗಿತ್ತು. ನಡೆಯುವ ಕಾಲು ಮಾಡಲು ಬರುವುದಿಲ್ಲ. ರೆಪ್ಪೆ ಮಿಟುಕಿಸುವ ಕಣ್ಣಿಗೆ ದುಡ್ಡಿಲ್ಲ. ವೇಷ ಪೂರ್ತಿ ನೀರಿನಲ್ಲಿ ಮುಳುಗಿದರೆ ತೂಕ ಏರಿ ತೊಟ್ಟವನು ಏಳಲಾರ. ಹಗಲ ಬೆಳಕಿನಲ್ಲಿ ಹೊಲಿಗೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಪ್ರಾಣಿ ಮಾಡುವವರು ನಮ್ಮಲ್ಲಿ ಯಾರೂ ಇಲ್ಲ.

ಈ ಪಟ್ಟಿಯನ್ನೇ ಪ್ರಾಣಿಯ ಸ್ವಭಾವವೆಂದು ಓದಿಕೊಂಡೆವು. ಅದಕ್ಕೆ ಕಾಲಿಲ್ಲ, ಕೆಸರಿನಲ್ಲಿ ಸೊಂಟದವರೆಗೆ ಹೂತುಕೊಂಡೇ ಸರಿಯುತ್ತದೆ. ಕಣ್ಣಿಲ್ಲ, ತಡವಿ ತಿಳಿಯುತ್ತದೆ. ನೀರು ಇಳಿದಾಗ ಮಾತ್ರ ಬರುತ್ತದೆ, ನೀರು ಏರಿದರೆ ಹೋಗುತ್ತದೆ. ನಸುಕು ಮತ್ತು ಮುಸ್ಸಂಜೆ ಅದರ ಹೊತ್ತು. ಇಷ್ಟಾಗುವಾಗ ಕಥೆ ಮುಕ್ಕಾಲು ಪಾಲು ತಾನಾಗಿಯೇ ನಿಂತಿತ್ತು. ಇಳಿತದ ಹೊತ್ತಿಗೇ ಕೆಸರಿಗೆ ಇಳಿದು ಕೆಲಸ ಮಾಡಬೇಕಾದವರು ಯಾರು? ಬಳಚು ಎಂಬ ಚಿಪ್ಪುಜೀವಿಯನ್ನು ಎಣಿಸುವ ಸಂಶೋಧಕರು. ಅವರಿಗೆ ಬೇರೆ ಹೊತ್ತಿಲ್ಲ, ಅದಕ್ಕೂ ಬೇರೆ ಹೊತ್ತಿಲ್ಲ.

ಕಪ್ಪೆಯಿಂದ ಕಲಿತದ್ದು

ಇನ್ನು ಆ ಪ್ರಾಣಿ ಮಾಡುವುದೇನು? ಕಚ್ಚುವುದು, ಹರಿಯುವುದು ಬೇಡವೆಂದು ಮೊದಲೇ ನಿರ್ಧರಿಸಿದ್ದೆ. ರಕ್ತಕ್ಕೆ ಖರ್ಚು, ಒಗೆಯುವುದಕ್ಕೆ ಇನ್ನೂ ಖರ್ಚು. ಒಮ್ಮೆ ಮಾತ್ರ ಶಿರಸಿಯಿಂದ ತಂದ ಜೋನಿ ಬೆಲ್ಲಕ್ಕೆ ಕೆಂಪು ಬಣ್ಣ ಬೆರೆಸಿ ಪ್ರಯೋಗ ಮಾಡಿದೆವು. ನೋಡಲು ಅಚ್ಚ ರಕ್ತ. ಆದರೆ ಗಾಯಗೊಂಡು ಬಿದ್ದಿರಬೇಕಾದ ನಟ ಎರಡು ನಿಮಿಷದಲ್ಲಿ ಎದ್ದು ಕುಣಿಯತೊಡಗಿದ. ಇರುವೆ.

ದಾರಿ ತೋರಿಸಿದ್ದು ಘಟ್ಟದ ಮೇಲಿನ ಒಂದು ಕಪ್ಪೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಕಪ್ಪೆಯೊಂದನ್ನು ವಿಜ್ಞಾನಿಗಳು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಕುಂಬಾರ ಕಪ್ಪೆ ಎಂದು ಹೆಸರಿಟ್ಟರು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಮುಂಗೈಗಳಲ್ಲಿ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಕೂಗುವುದೂ ಮರ ಕುಟ್ಟಿದ ಹಾಗೆ, ಜೋಡಿ ಜೋಡಿಯಾಗಿ. ಆ ಕಪ್ಪೆ ಸಿಹಿನೀರಿನದು, ಹಳ್ಳದ್ದು. ಅಳಿವೆಯ ಉಪ್ಪು ಕೆಸರಿನಲ್ಲಿ ಬದುಕುವಂಥದ್ದಲ್ಲ. ಆದರೆ ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ, ಹರಿಯುವುದು ಸಿದ್ದಾಪುರದ ಕಾಡುಗಳ ನಡುವೆ, ಸೇರುವುದು ನಮ್ಮೂರ ಕಡಲನ್ನು. ಮಧ್ಯೆ ಒಂದು ಅಣೆಕಟ್ಟೂ ಇಲ್ಲ. ಮೇಲಿನದು ಏನೋ ಕೆಳಗೆ ಬಂದು ದೊಡ್ಡದಾಯಿತು ಎಂದುಕೊಳ್ಳಲು ಕಥೆಗೆ ಇಷ್ಟು ಸಾಕು.

ಹೀಗಾಗಿ ನಮ್ಮ ಪ್ರಾಣಿ ಕೊಲ್ಲುವುದಿಲ್ಲ, ಮೆತ್ತುತ್ತದೆ. ಮೊದಲ ದಿನ ಬಯಲಿನಲ್ಲಿ ಮರೆತುಬಂದ ಥರ್ಮಾಸ್ ಫ್ಲಾಸ್ಕ್ ಮರುದಿನ ಕೆಸರಿನ ಉಂಡೆಯಾಗಿ ಸಿಗುತ್ತದೆ. ನುಣ್ಣಗೆ, ಬೆರಳ ಗೆರೆಗಳ ಸಮೇತ, ತಿಗರಿಯಿಂದ ಇಳಿಸಿದ ಮಡಕೆಯ ಹಾಗೆ. ಆಮೇಲೆ ಒಂದು ಬೂಟು. ಆಮೇಲೆ, ಬೂಟಿಗಿಂತ ದೊಡ್ಡದು. ಶೂಟಿಂಗಿನಲ್ಲಿ ನಾವು ಅದನ್ನು ಕರೆಯುತ್ತಿದ್ದುದು ಕೆಸರಪ್ಪ ಎಂದು.

ಕೇಂದ್ರವನ್ನು ನಂಬಿಸುವುದು

ಹೆದರಿಕೆಯ ಚಿತ್ರಗಳ ಪ್ರಯೋಗಾಲಯಗಳನ್ನು ನೋಡಿದರೆ ನನಗೆ ನಗು ಬರುತ್ತದೆ. ಹಸಿರು ನೀರು ಕುದಿಯುತ್ತಿರುತ್ತದೆ, ಯಾರೋ ಬಿಳಿ ಕೋಟು ಹಾಕಿಕೊಂಡು ಅದನ್ನು ದೀಪಕ್ಕೆ ಹಿಡಿದು ನೋಡುತ್ತಾರೆ. ನಿಜವಾದ ಕ್ಷೇತ್ರ ಕೇಂದ್ರದಲ್ಲಿ ಇರುವುದು ಒಣಗುತ್ತಿರುವ ಬಲೆ, ಬಕೆಟ್ಟು, ಹರಿದ ಚಪ್ಪಲಿ, ಸೋರುವ ಮಾಡು ಮತ್ತು ರಿಜಿಸ್ಟರ್. ನಮ್ಮ ಪುಣ್ಯ, ಕಡಲ ಜೀವಶಾಸ್ತ್ರ ಓದಿದ ಹುಡುಗಿಯೊಬ್ಬಳು ತಂಡದಲ್ಲಿದ್ದಳು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಅಂಥ ಕಡೆ ಓದಿದವರನ್ನು ಹುಡುಕಿ ಒಂದು ದಿನ ಜೊತೆಯಲ್ಲಿ ಕೂರಿಸಿಕೊಳ್ಳಿ. ಅವಳು ನಮ್ಮ ಚಿತ್ರಕಥೆಯಲ್ಲಿ ಮೊದಲ ಗಂಟೆಗೇ ಹದಿನೇಳು ತಪ್ಪು ಹಿಡಿದಳು. ಪ್ರತಿ ತಪ್ಪೂ ನಮಗೆ ಒಂದು ದೃಶ್ಯ ಕೊಟ್ಟಿತು.

ಬಳಚು ಎಣಿಸುವುದು ಹೇಗೆಂದರೆ, ಅರ್ಧ ಮೀಟರಿನ ಚೌಕಟ್ಟನ್ನು ಕೆಸರಿನ ಮೇಲಿಟ್ಟು, ಅದರೊಳಗಿನ ಮಣ್ಣನ್ನು ಅಗೆದು, ಜರಡಿ ಹಿಡಿದು, ಸಿಕ್ಕಿದ್ದನ್ನು ಎಣಿಸಿ ಬರೆಯುವುದು. ಮತ್ತೆ ಹತ್ತು ಹೆಜ್ಜೆ, ಮತ್ತೆ ಚೌಕಟ್ಟು. ಇದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ನಮಗೆ ಬೇಕಾದದ್ದೂ ಆ ಬೇಸರವೇ. ಮೊದಲ ಹತ್ತು ನಿಮಿಷ ಚಿತ್ರದಲ್ಲಿ ಬೇರೇನೂ ಇಲ್ಲ. ಚೌಕಟ್ಟು ಬೀಳುವ ಸದ್ದು, ಎಣಿಕೆ, ಬರವಣಿಗೆ. ನೋಡುವವನಿಗೆ ಆ ಲಯ ರೂಢಿಯಾಗುತ್ತದೆ. ಹನ್ನೊಂದನೆಯ ನಿಮಿಷಕ್ಕೆ ಚೌಕಟ್ಟು ಬೀಳುತ್ತದೆ, ಅಗೆಯುತ್ತಾರೆ, ಒಂದೂ ಇಲ್ಲ. ಪಕ್ಕದ ಚೌಕದಲ್ಲೂ ಇಲ್ಲ. ರಿಜಿಸ್ಟರಿನಲ್ಲಿ ಸೊನ್ನೆಯ ಕೆಳಗೆ ಸೊನ್ನೆ. ಆ ಪುಟವನ್ನು ನಾನು ಹದಿನಾಲ್ಕು ಸೆಕೆಂಡ್ ತೋರಿಸಿದ್ದೇನೆ. ಪ್ರಾಣಿಗೆ ಮಾಡಿದ ಖರ್ಚಿಗಿಂತ ಆ ಹತ್ತು ರೂಪಾಯಿಯ ಪುಸ್ತಕವೇ ಹೆಚ್ಚು ಹೆದರಿಸಿತು.

ಕಟ್ಟಡಕ್ಕೆ ಹೆಚ್ಚು ಅಲೆಯಬೇಡಿ. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿ ಕೃಷಿ ಕುಸಿದ ಮೇಲೆ ಪಾಳುಬಿದ್ದ ಪಂಪ್‌ಮನೆ, ಕಾವಲು ಮನೆಗಳು ಗಜನಿಗಳ, ಅಂದರೆ ಉಪ್ಪುನೀರಿನ ಗದ್ದೆಗಳ ಅಂಚಿನಲ್ಲಿ ಇನ್ನೂ ನಿಂತಿವೆ. ನಮಗೆ ಒಂದು ಸಿಕ್ಕಿತು, ದಿನಕ್ಕೆ 500 ರೂಪಾಯಿ ಬಾಡಿಗೆ. ಮೀನು ಮಾರುಕಟ್ಟೆಯ ಹಳೆಯ ಥರ್ಮೊಕೋಲ್ ಪೆಟ್ಟಿಗೆ, ಉಪ್ಪಿನಕಾಯಿ ಭರಣಿ, ಗೋಡೆಗೆ ಉಬ್ಬರ ಇಳಿತದ ಪಟ್ಟಿ. ಗಾಜಿನ ಜಾಡಿಗಳಲ್ಲಿ ತೆಳುವಾದ ಚಹಾ ಡಿಕಾಕ್ಷನ್ ತುಂಬಿ, ಒಳಗೆ ಮಾರುಕಟ್ಟೆಯ ಸಣ್ಣ ಏಡಿಯನ್ನೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಕೋಡನ್ನೂ ಬಿಟ್ಟರೆ ಇಪ್ಪತ್ತು ವರ್ಷ ಹಳೆಯ ಮಾದರಿಯಂತೆ ಕಾಣುತ್ತದೆ. ನಿಜವಾದ ಫಾರ್ಮಲಿನ್ ತರಬೇಡಿ. ಅದರ ಹೊಗೆ ಕಣ್ಣನ್ನೂ ಶ್ವಾಸವನ್ನೂ ಕೆಡಿಸುತ್ತದೆ, ಮುಚ್ಚಿದ ಕೋಣೆಯಲ್ಲಿ ದೀಪದ ಬಿಸಿಗೆ ಇನ್ನೂ ಹೆಚ್ಚು. ಡಿಕಾಕ್ಷನ್ ಏಡಿ ಎರಡನೆಯ ದಿನ ನಾರುತ್ತದೆ ಅಷ್ಟೇ. ಮುಚ್ಚಳ ಬಿಗಿ ಮಾಡಿ.

ಮೂವರೂ ಬೆಂಗಳೂರಿನ ಟಿವಿ ಕನ್ನಡ ಮಾತಾಡಿದರೆ ನಂಬಿಕೆ ಅಲ್ಲಿಗೇ ಹೋಯಿತು. ಒಬ್ಬಳು ಶಿರಸಿ ಕಡೆಯವಳು, ಒಬ್ಬ ಕಾರವಾರದವನು, ಕೊಂಕಣಿ ಮನೆಮಾತು. ಮೂರನೆಯವನು ಧಾರವಾಡದಿಂದ ವರ್ಗವಾಗಿ ಬಂದವನು, ಮೀನಿನ ವಾಸನೆಗೆ ಇನ್ನೂ ಒಗ್ಗದವನು. ಅವರವರ ಮಾತು ಅವರವರಿಗೆ ಬಿಟ್ಟೆ.

ನೀರಿನ ಪಂಚಾಂಗ

ಮದುವೆ ವಿಡಿಯೊದವನಿಗೆ ವರ್ಷದಲ್ಲಿ ಎರಡು ಬಿಡುವು. ಆಷಾಢ ಮತ್ತು ಧನುರ್ಮಾಸ. ಆ ದಿನಗಳಲ್ಲಿ ಕ್ಯಾಮೆರಾ, ಲೈಟು, ಜನರೇಟರ್ ಎಲ್ಲ ಸುಮ್ಮನೆ ಬಿದ್ದಿರುತ್ತವೆ. ನಿಮ್ಮೂರಿನ ಯಾವ ಸ್ಟುಡಿಯೊದವರನ್ನಾದರೂ ಆಗ ಕೇಳಿ, ಅರ್ಧ ಬಾಡಿಗೆಗೆ ಕೊಡುತ್ತಾರೆ. ವೈಶಾಖದಲ್ಲಿ ಕೇಳಿದರೆ ಮುಖ ಕೂಡ ನೋಡುವುದಿಲ್ಲ. ನಾವು ಆಷಾಢದಲ್ಲಿ ಬರೆದು, ವೇಷ ಕಟ್ಟಿ, ಧನುರ್ಮಾಸದಲ್ಲಿ ಚಿತ್ರೀಕರಿಸಿದೆವು.

ಹನ್ನೊಂದು ದಿನ ಚಿತ್ರೀಕರಣ, ಅದೂ ಎರಡು ಕಂತಿನಲ್ಲಿ. ಅಮಾವಾಸ್ಯೆಯ ಆಸುಪಾಸು ಐದು ದಿನ, ಹುಣ್ಣಿಮೆಯ ಆಸುಪಾಸು ಆರು ದಿನ. ಆಗಲೇ ನೀರು ಹೆಚ್ಚು ಏರುವುದು, ಹೆಚ್ಚು ಇಳಿಯುವುದು. ನಮ್ಮ ಕರಾವಳಿಗೆ ಇನ್ನೊಂದು ಅನುಕೂಲವಿದೆ. ಈ ದಿನಗಳಲ್ಲಿ ಇಳಿತ ಬೀಳುವುದು ಸರಿಸುಮಾರು ಬೆಳಗಿನ ಜಾವಕ್ಕೂ ಸಂಜೆಗೂ. ಪ್ರಾಣಿಗೆ ಬೇಕಾದ ಬೆಳಕೂ ಪ್ರಾಣಿಗೆ ಬೇಕಾದ ಕೆಸರೂ ಒಟ್ಟಿಗೆ ಸಿಗುತ್ತವೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಆದ್ದರಿಂದ ನಿನ್ನೆಯ ಹೊತ್ತಿಗೇ ಇವತ್ತು ಹೋದರೆ ಬಯಲಿನ ಮೇಲೆ ಇನ್ನೂ ನೀರು ನಿಂತಿರುತ್ತದೆ. ಬಂದರಿನ ಪಟ್ಟಿಯಲ್ಲಿರುವ ವೇಳೆ ಕಡಲ ಬಾಯಿಯದು. ಅಳಿವೆಯೊಳಗೆ ಹೋದಷ್ಟೂ ಇಳಿತ ತಡ. ಎಷ್ಟು ತಡ ಎಂಬುದನ್ನು ಬಳಚು ತೆಗೆಯುವ ಹೆಂಗಸರನ್ನು ಕೇಳಿ. ಅವರು ಹೇಳಿದ್ದು ಮೊಬೈಲ್ ಹೇಳಿದ್ದಕ್ಕಿಂತ ಸರಿ ಇತ್ತು.

ಮೂರನೆಯ ದಿನ ನಾವು ಸಿಕ್ಕಿಬಿದ್ದೆವು. ನೀರು ಏರುವಾಗ ಎದುರಿನ ಹೊಳೆಯಿಂದ ಬರುತ್ತದೆ ಎಂದುಕೊಂಡು ಎಲ್ಲರೂ ಹೊಳೆಯ ಕಡೆ ನೋಡುತ್ತಿದ್ದೆವು. ಅದು ಬಂದದ್ದು ಬೆನ್ನ ಹಿಂದಿನಿಂದ, ನಾವು ದಾಟಿಬಂದ ಸಣ್ಣ ಕಾಲುವೆಯಿಂದ. ತಿರುಗಿ ನೋಡುವಾಗ ದಡಕ್ಕೂ ನಮಗೂ ನಡುವೆ ಮೊಳಕಾಲುದ್ದ ನೀರು. ವೇಷ ತೊಟ್ಟವನನ್ನು ಇಬ್ಬರು ಹೊತ್ತು ತಂದರು, ಒಂದು ಲೈಟ್ ಸ್ಟ್ಯಾಂಡ್ ಇವತ್ತಿಗೂ ಅಲ್ಲೇ ಕೆಸರಿನೊಳಗಿದೆ. ಮರುದಿನದಿಂದ ಕಾಲುವೆಯಲ್ಲಿ ಗುರುತು ಹಾಕಿದ ಕೋಲು ನೆಟ್ಟು, ಅದನ್ನು ನೋಡುವುದಕ್ಕೇ ಒಬ್ಬನನ್ನು ಕೂರಿಸಿದೆ. ಅವನಿಗೆ ಬೇರೆ ಕೆಲಸ ಹೇಳಬೇಡಿ, ಬಿಸ್ಕತ್ತು ತರಲೂ ಕಳಿಸಬೇಡಿ. ಬರಿಗಾಲಿನಲ್ಲಿ ಯಾರನ್ನೂ ಇಳಿಸಬೇಡಿ, ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ಎಲ್ಲರಿಗೂ ಧನುರ್ವಾಯು ಚುಚ್ಚುಮದ್ದು ಮೊದಲೇ ಆಗಿರಲಿ.

ವೇಷ

ವೇಷ ತೊಟ್ಟವನು ಬಡಗುತಿಟ್ಟಿನ ಯಕ್ಷಗಾನದ ಹವ್ಯಾಸಿ ಕಲಾವಿದ. ವ್ಯಾಯಾಮ ಮಾಡಿದ ದಪ್ಪ ತೋಳಿನ ಹುಡುಗರು ನಾಲ್ವರು ಬಂದಿದ್ದರು, ಬೇಡವೆಂದೆ. ಭಾರದ ವೇಷ ಕಟ್ಟಿಕೊಂಡು ರಾತ್ರಿಯಿಡೀ ಇರುವುದು, ಕಾಣದಿದ್ದರೂ ರಂಗದಲ್ಲಿ ತನ್ನ ಜಾಗ ತಿಳಿಯುವುದು, ಇವು ತಾಲೀಮಿನಿಂದ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅವನಿಗೆ ಮಂಡಿ ಕುಣಿತ ಗೊತ್ತು. ಮೊಣಕಾಲ ಮೇಲೆ ಸುತ್ತುವವನಿಗೆ ಕೆಸರಿನಲ್ಲಿ ಮೊಣಕಾಲ ಮೇಲೆ ಸರಿಯುವುದು ಕಷ್ಟವಲ್ಲ. ಸೊಂಟದ ಕೆಳಗಿನದನ್ನು ಕೆಸರು ನುಂಗಿತು. ಕಾಲಿನ ಖರ್ಚು ಸೊನ್ನೆ. ಎರಡು ಜೋಡಿ ಮೊಣಕಾಲ ಪಟ್ಟಿ ಮಾತ್ರ.

ಮೊದಲು ಹಾಸಿಗೆಯ ಸ್ಪಂಜಿನಿಂದ ಕಟ್ಟಿದ್ದೆವು. ಒದ್ದೆಯಾದ ಕೂಡಲೇ ಅದು ಎತ್ತಲಾಗದ ಹೆಣ. ಬಿಸಾಡಿ ಹೊಸದಾಗಿ ಮಾಡಿದ್ದು ಹೀಗೆ. ದಪ್ಪ ಹತ್ತಿಯ ಅಂಗಿಯ ಮೇಲೆ ಹಳೆಯ ನೈಲಾನ್ ಮೀನುಬಲೆಯನ್ನು ಎರಡು ಪದರ ಹೊಲಿಯಿರಿ. ಬಲೆ ನೀರು ಹಿಡಿಯುವುದಿಲ್ಲ, ಕೆಸರನ್ನು ಮಾತ್ರ ಹಿಡಿಯುತ್ತದೆ. ಬಲೆಯ ಕಣ್ಣುಗಳಲ್ಲಿ ತೆಂಗಿನ ನಾರು ತುರುಕಿ. ಬೆನ್ನಿಗೆ ಅಡಿಕೆ ಹಾಳೆ. ಹಾಳೆಯನ್ನು ರಾತ್ರಿಯಿಡೀ ನೆನೆಸಿದರೆ ಬೆಳಿಗ್ಗೆ ಚರ್ಮದಂತೆ ಬಾಗುತ್ತದೆ. ಕೊಡದ ಹೊಟ್ಟೆಗೆ ಸುತ್ತಿ ಹಗ್ಗ ಬಿಗಿದು ಒಣಗಿಸಿ, ಕೊಡ ತೆಗೆದರೆ ಆ ದುಂಡು ಹಾಗೆಯೇ ನಿಲ್ಲುತ್ತದೆ. ಅಂಥ ಹದಿನಾಲ್ಕು ಹಾಳೆಗಳನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊಲಿದೆವು. ಸರಿದಾಗ ಅವು ತಿಕ್ಕಿ ಒಣ ಸದ್ದು ಮಾಡುತ್ತವೆ. ಅದು ಲೆಕ್ಕಕ್ಕಿಲ್ಲದ ಲಾಭ.

ಆಷಾಢದಲ್ಲಿ ಏನೂ ಒಣಗಲಿಲ್ಲ. ವಾರ ಕಳೆಯುವಾಗ ಹಾಳೆಯ ತುಂಬ ಬೂಷ್ಟು, ಬೂದು, ಬಿಳಿ, ಅಲ್ಲಲ್ಲಿ ಕರಿ ಚುಕ್ಕೆ. ನನ್ನ ಹೆಂಡತಿ ಹಿತ್ತಲಿಗೆ ಎಸೆಯಲು ಹೊರಟಿದ್ದಳು. ನಾನು ನೋಡಿದೆ, ಯಾವ ಬಣ್ಣದವನೂ ಹಚ್ಚಲಾರದ ಬಣ್ಣ. ಹಾಗೆಂದು ಬೂಷ್ಟು ಹಿಡಿದದ್ದನ್ನು ಒಬ್ಬನ ಮೂಗಿನ ಹತ್ತಿರ ಕಟ್ಟಲಾಗುತ್ತದೆಯೇ? ಶಿರಸಿ ಹತ್ತಿರದ ಮಾವನ ಮನೆಗೆ ಒಯ್ದು ಅಡುಗೆಮನೆಯ ಮೇಲಿನ ಹೊಗೆ ಅಟ್ಟದಲ್ಲಿ ಇಪ್ಪತ್ತು ದಿನ ಇಟ್ಟೆವು. ಹುರಿದ ಗೇರುಬೀಜದ ಬಣ್ಣಕ್ಕೆ ತಿರುಗಿ ಗಡುಸಾಯಿತು, ಕಲೆಗಳು ಉಳಿದವು. ಮಾವ ಮಾತ್ರ ಪ್ರತಿ ಊಟಕ್ಕೂ ಮೇಲೆ ನೋಡಿ, "ಅಳಿಯಂದಿರೇ, ಇದು ಯಾವಾಗ ಹಣ್ಣಾಗುತ್ತದೆ?" ಎಂದು ಕೇಳುತ್ತಿದ್ದರು.

ದುಡ್ಡು, ಹೊತ್ತು ಎರಡನ್ನೂ ನೀವು ಸುರಿಯಬೇಕಾದದ್ದು ಒಂದೇ ಒಂದು ಅಂಗಕ್ಕೆ. ಹತ್ತಿರದಿಂದ ಕಾಣುವ ಅಂಗಕ್ಕೆ. ನಮಗೆ ಅದು ಕೈ. ಕಪ್ಪೆಯ ಮುಂಗೈಗೆ ನಾಲ್ಕೇ ಬೆರಳು, ಆದ್ದರಿಂದ ಕಲಾವಿದನ ಉಂಗುರ ಬೆರಳನ್ನೂ ಕಿರುಬೆರಳನ್ನೂ ಒಂದೇ ಗೂಡಿಗೆ ಸೇರಿಸಿದೆವು. ಇಷ್ಟರಿಂದಲೇ ಮನುಷ್ಯನ ಕೈ ಎಂಬ ಗುರುತು ಅಳಿಸಿಹೋಯಿತು. ಅಳತೆಗೆ ಪ್ಲಾಸ್ಟರ್ ಅಚ್ಚು, ಅದರ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸು, ಬೆರಳು ಉದ್ದವಾಗಲು ಹಳೆಯ ಕೊಡೆಯ ಕಡ್ಡಿ. ಅದರ ಮೇಲೆ ಕಿಟಕಿ ಗಾಜಿಗೆ ಹಚ್ಚುವ ಸಿಲಿಕೋನ್ ಪೇಸ್ಟಿಗೆ ಕಾರ್ನ್‌ಫ್ಲೋರ್ ಕಲಸಿ ಪದರ ಪದರವಾಗಿ ಬಳಿದೆವು. ಕಾರ್ನ್‌ಫ್ಲೋರ್ ಸೇರಿದರೆ ಬೇಗ ಗಟ್ಟಿಯಾಗುತ್ತದೆ, ಕೈ ಚುರುಕಿರಬೇಕು. ವಿನೆಗರಿನಂಥ ಹುಳಿ ವಾಸನೆ ಏಳುತ್ತದೆ, ಜಗಲಿಯಲ್ಲಿ ಕೂತು ಮಾಡಿ. ಯಾರ ಚರ್ಮಕ್ಕೂ ನೇರ ಹಚ್ಚಬೇಡಿ. ಮೂರು ಕೈ ಹಾಳಾಗಿ ನಾಲ್ಕನೆಯದು ಬಂತು. ನಾಲ್ಕಕ್ಕೂ ಸೇರಿ 9,200 ರೂಪಾಯಿ, ವೇಷದ ಉಳಿದ ಎಲ್ಲಕ್ಕಿಂತ ಜಾಸ್ತಿ.

ಲೋಳೆಗೆ ಅಂಗಡಿಗೆ ಹೋಗಬೇಡಿ. ದಾಸವಾಳದ ಸೊಪ್ಪಿನ ಗೊಂಪು ಸಾಕು. ನಮ್ಮ ಕಡೆಯ ಹೆಂಗಸರು ತಲೆಗೆ ಹಾಕಿ ಮೀಯುವುದೇ ಇದು. ಸೊಪ್ಪನ್ನು ಸ್ವಲ್ಪ ನೀರಿನಲ್ಲಿ ಚೆನ್ನಾಗಿ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ. ಬೆರಳಿನಿಂದ ನೂಲಿನಂತೆ ಇಳಿಯುತ್ತದೆ, ತೊಳೆದರೆ ಹೋಗುತ್ತದೆ. ಅಂದಂದಿನದು ಅಂದಂದೇ ಮಾಡಬೇಕು, ಮರುದಿನಕ್ಕೆ ಹಳಸುತ್ತದೆ. ಪಕ್ಕದ ಮನೆಯ ದಾಸವಾಳದ ಬೇಲಿ ಬೋಳಾಯಿತು, ಅದಕ್ಕೂ ಚಿತ್ರದ ಕೊನೆಯಲ್ಲಿ ಕೃತಜ್ಞತೆ ಹಾಕಿದ್ದೇವೆ.

ತೆರೆ

ಬಣ್ಣದ ವೇಷ ರಂಗಕ್ಕೆ ಬರುವುದನ್ನು ನೋಡಿದ್ದೀರಲ್ಲ? ನೇರ ನಡೆದು ಬಂದು ನಿಂತರೆ ರಾಕ್ಷಸನೂ ಪಕ್ಕದೂರ ಭಟ್ಟರ ಮಗನೇ. ಅದಕ್ಕೇ ಇಬ್ಬರು ತೆರೆ ಹಿಡಿಯುತ್ತಾರೆ. ಹಿಂದಿನಿಂದ ಅಬ್ಬರ ಕೇಳುತ್ತದೆ. ತೆರೆಯ ಮೇಲೆ ಕಿರೀಟದ ತುದಿ ಅಲುಗುತ್ತದೆ. ಅಂಚನ್ನು ಬೆರಳುಗಳು ಹಿಡಿಯುತ್ತವೆ. ಬೆನ್ನು ಕಾಣುತ್ತದೆ, ಮತ್ತೆ ಮರೆ. ತೆರೆ ಇಳಿಯುವ ಹೊತ್ತಿಗೆ ಮುಂದೆ ಕೂತ ಮಕ್ಕಳು ಅಜ್ಜಿಯ ಸೆರಗಿನೊಳಗಿರುತ್ತಾರೆ.

ನಾವು ಮಾಡಿದ್ದೂ ಅದನ್ನೇ. ತೆರೆಗೆ ಬದಲು ಮಂಜು, ಕಾಂಡ್ಲಾ ಬೇರು, ಕೊಳೆ ಹಿಡಿದ ಕಿಟಕಿ ಗಾಜು. 52 ನಿಮಿಷದಲ್ಲಿ ಕೆಸರಪ್ಪ ಕಾಣುವುದು ಎಲ್ಲ ಸೇರಿ ಎರಡು ನಿಮಿಷಕ್ಕೂ ಕಡಿಮೆ. ಮೊದಲ ಬಾರಿ, ದೂರದಲ್ಲಿ ಕೆಸರಿನ ದಿಬ್ಬಗಳ ನಡುವೆ ಒಂದು ದಿಬ್ಬ. ಕ್ಯಾಮೆರಾ ಅತ್ತ ಹೋಗುವುದೇ ಇಲ್ಲ, ಮುಂದೆ ಒಬ್ಬಳು ಬಳಚು ಎಣಿಸುತ್ತಿದ್ದಾಳೆ. ಅವಳು ತಲೆಯೆತ್ತುವಾಗ ದಿಬ್ಬಗಳು ಒಂದು ಕಡಿಮೆ. ಇದನ್ನು ಗಮನಿಸಿದವರು ಪಕ್ಕದವರ ಕೈ ಹಿಡಿದುಕೊಂಡರು, ಗಮನಿಸದವರಿಗೆ ಪಕ್ಕದವರು ಯಾಕೆ ಕೈ ಹಿಡಿದರೆಂದು ಹೆದರಿಕೆಯಾಯಿತು.

ಕೈಯ ದೃಶ್ಯಕ್ಕೆ ಒಂದು ರಾತ್ರಿ ಪೂರ್ತಿ ಹೋಯಿತು. ಕಿಟಕಿಯ ದಂಡೆಯ ಮೇಲೆ ಒಂದು ಸ್ಟೀಲ್ ಲೋಟ. ಹೊರಗಿನಿಂದ ಕೈ ಬಂದು ತಡವಿ, ಲೋಟಕ್ಕೆ ಕೆಸರು ಮೆತ್ತಬೇಕು. ಮೊದಲ ಆರು ಟೇಕ್‌ಗಳಲ್ಲಿ ಕಲಾವಿದ ಆವೇಶದಿಂದ ಮೆತ್ತಿದ. ಬರೀ ಕೆಸರಾಟ. ಏಳನೆಯದಕ್ಕೆ ಅವನಿಗೆ ಹೇಳಿದೆ, "ತಮ್ಮಾ, ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಹಚ್ಚು." ಅವನ ಮನೆಯಲ್ಲಿ ಐದು ತಿಂಗಳ ಮಗುವಿತ್ತು. ಕೈ ಮೆಲ್ಲಗೆ ಬಂತು, ಲೋಟದ ಬಾಯಿಯನ್ನು ಒಮ್ಮೆ ಸವರಿತು, ಒಂದು ಹಿಡಿ ಕೆಸರು ಇಟ್ಟಿತು, ಹೆಬ್ಬೆರಳಿನಿಂದ ಅಂಚು ತೀಡಿತು. ಲೈಟ್ ಹಿಡಿದ ಹುಡುಗ ಉಸಿರು ಬಿಡುವುದನ್ನೇ ಮರೆತಿದ್ದ. ಚಿತ್ರದಲ್ಲಿರುವುದು ಅದೇ.

ಕ್ಯಾಮೆರಾದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಟ್ಯೂಬ್‌ಲೈಟ್ ಮಿಣುಕುವುದಿಲ್ಲ. ರಾತ್ರಿ ಬೇಕಾದಲ್ಲಿ ಮುಸ್ಸಂಜೆಯ ಇಪ್ಪತ್ತು ನಿಮಿಷ ಹಿಡಿಯಿರಿ, ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಇಳಿಸಿ, ಎರಡು ಸ್ಟಾಪ್ ಕಡಿಮೆ, ಅಂದರೆ ಕಾಲು ಭಾಗದಷ್ಟೇ ಬೆಳಕು ಕೊಡಿ. ನೀಲಿ ಕತ್ತಲೆ ಪುಕ್ಕಟೆ ಸಿಗುತ್ತದೆ. ಕೊನೆಯಲ್ಲಿ ಕೇಂದ್ರ ಕೆಸರಿನೊಳಗೆ ಕುಸಿಯುವುದು ಮಗುವಿನ ಸ್ನಾನದ ಟಬ್ಬಿನಲ್ಲಿ. ಹದಿನಾರರಲ್ಲಿ ಒಂದು ಪಾಲಿನ ಮಾದರಿ. ಸಣ್ಣ ವಸ್ತು ಬೇಗ ಬೀಳುತ್ತದೆ, ಅದಕ್ಕೆ ಭಾರ ಬರಬೇಕಾದರೆ ನಿಧಾನಗೊಳಿಸಬೇಕು. ಎಷ್ಟು? ಅಳತೆಯ ವರ್ಗಮೂಲದಷ್ಟು. ಹದಿನಾರಕ್ಕೆ ನಾಲ್ಕು ಪಟ್ಟು, ಅಂದರೆ 25ರ ಬದಲು 100 ಫ್ರೇಮ್.

ಸದ್ದು

ಬಯಲಿನಲ್ಲಿ ಹಿಡಿದ ಮಾತು ಒಂದೂ ಉಳಿಯಲಿಲ್ಲ. ಗಾಳಿ, ದೋಣಿಯ ಇಂಜಿನ್, ದೂರದ ಕೊಂಕಣ ರೈಲು. ಎಲ್ಲವನ್ನೂ ಮನೆಯಲ್ಲಿ ಹಾಸಿಗೆಗಳ ನಡುವೆ ಕೂತು ಡಬ್ ಮಾಡಿದೆವು. ಕೆಸರಪ್ಪನ ಕೂಗು ಮಡಕೆಯದು. ನೀರು ಅರ್ಧ ತುಂಬಿದ ಮಡಕೆಯ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿ, ಗೆಣ್ಣಿನಿಂದ ಎರಡು ಸಲ ಕುಟ್ಟುವುದು. ಟಕ್, ಟಕ್. 96 ಕಿಲೊಹರ್ಟ್ಸ್‌ನಲ್ಲಿ ಧ್ವನಿಮುದ್ರಿಸಿಕೊಂಡು ಒಂದು ಸ್ಥಾಯಿ ಕೆಳಗಿಳಿಸಿದೆವು. ಸಾಮಾನ್ಯ ಮುದ್ರಣವನ್ನು ಹಾಗೆ ಇಳಿಸಿದರೆ ಮಂಕಾಗುತ್ತದೆ, ಇದು ಗಡುಸಾಗಿಯೇ ಉಳಿಯುತ್ತದೆ. ಅದರಡಿಯಲ್ಲಿ ಅಡಿಕೆ ಹಾಳೆ ಎಳೆದ ಸದ್ದು, ಒದ್ದೆ ಬೈರಾಸು ಹಿಂಡಿದ ಸದ್ದು.

ಮೊದಲಿನಿಂದ ಪ್ರತಿ ಕೂಗಿಗೂ ಎರಡೇ ಕುಟ್ಟು. ಮೂರನೆಯದೂ ಇಲ್ಲ, ಒಂದೇ ಎಂಬುದೂ ಇಲ್ಲ. ಆದರೆ ನಲವತ್ತನೆಯ ನಿಮಿಷದಲ್ಲಿ, ಧಾರವಾಡದವನು ಕತ್ತಲಲ್ಲಿ ಬೆಂಕಿಪೊಟ್ಟಣ ಹುಡುಕುತ್ತಿರುವಾಗ, ಒಂದೇ ಒಂದು ಸಲ ಟಕ್. ಎರಡನೆಯದು ಬರುವುದಿಲ್ಲ. ಅದಕ್ಕಾಗಿ ಕಾಯುತ್ತ ಜನ ಕುರ್ಚಿಯ ತುದಿಗೆ ಬರುತ್ತಾರೆ. ಆ ಕಡೆ ಸಂಗೀತ ಹಾಕೋಣವೆಂದು ಸಂಕಲನ ಮಾಡುವವನು ಮೂರು ದಿನ ಜಗಳವಾಡಿದ. ನಾನು ಬಿಡಲಿಲ್ಲ.

ಅನುಮತಿ, ಊಟ

ಅರ್ಗಾದ ನೌಕಾನೆಲೆ, ಕೈಗಾ ಅಣುಸ್ಥಾವರದ ಹತ್ತಿರ ಕ್ಯಾಮೆರಾವನ್ನೂ ಡ್ರೋನನ್ನೂ ತೆಗೆಯಲೇಬೇಡಿ. ಕಾಡಿನೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಕಾಂಡ್ಲಾ ಕಡಿಯುವುದು, ಪ್ಲಾಸ್ಟಿಕ್ ಬಿಡುವುದು ಮಾಡಿದರೆ ನಿಮಗೆ ಸಿನಿಮಾ ಮಾಡುವ ಯೋಗ್ಯತೆಯಿಲ್ಲ ಎಂದೇ ನಾನು ಹೇಳುತ್ತೇನೆ. ನಾವು ಗಜನಿಯ ಮಾಲೀಕರ ಒಪ್ಪಿಗೆ ಪತ್ರ ತೆಗೆದುಕೊಂಡು, ಪಂಚಾಯಿತಿಗೂ ಪೊಲೀಸ್ ಠಾಣೆಗೂ ಬರೆದುಕೊಟ್ಟೆವು. ರಾತ್ರಿ ಕೆಸರಿನಲ್ಲಿ ದೀಪ ಓಡಾಡಿದರೆ ಯಾರಾದರೂ ದೂರು ಕೊಟ್ಟೇ ಕೊಡುತ್ತಾರೆ. ಚಿತ್ರಮಂದಿರದಲ್ಲಿ ಹಾಕುವುದಾದರೆ ಸೆನ್ಸಾರ್ ಪ್ರಮಾಣಪತ್ರ ಕಡ್ಡಾಯ, ಯೂಟ್ಯೂಬಿಗೆ ಅದಿಲ್ಲ. ಪ್ರಾಣಿಗಳನ್ನು ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ತರಬೇಕು. ಕಥೆಯಲ್ಲಿ ಒಂದು ನಾಯಿ ಇತ್ತು. ಕಾಗದಪತ್ರ ನೋಡಿ ಸುಸ್ತಾಗಿ ನಾಯಿಯನ್ನು ತೆಗೆದೆವು, ಕಟ್ಟಿದ ಹಗ್ಗವನ್ನು ಇಟ್ಟುಕೊಂಡೆವು. ಬೆಳಿಗ್ಗೆ ನೋಡಿದರೆ ಹಗ್ಗದ ತುದಿಯಲ್ಲಿ ನುಣ್ಣನೆಯ ಕೆಸರಿನ ಉಂಡೆ. ನೋಡಿದವರಲ್ಲಿ ಹೆಚ್ಚಿನವರು ನಾಯಿಯನ್ನು ತೆರೆಯ ಮೇಲೆ ಕಂಡೆವೆಂದೇ ಹೇಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ಖರ್ಚು ಊಟ, 71,000 ರೂಪಾಯಿ. ಇಲ್ಲಿ ಕೈ ಬಿಗಿ ಹಿಡಿಯಬೇಡಿ. ಮದುವೆ ಮನೆಯಲ್ಲಿ ಕಲಿತ ಮಾತು, ಫೋಟೊದವರಿಗೆ ಕೊನೆಯ ಪಂಕ್ತಿಯಲ್ಲಿ ಊಟ ಹಾಕಿದ ಮನೆಯ ಆಲ್ಬಮ್ ಎಂದೂ ಚೆನ್ನಾಗಿ ಬರುವುದಿಲ್ಲ. ಬೆಳಗಿನ ನಾಲ್ಕಕ್ಕೆ ಕೆಸರಿಗೆ ಇಳಿಯುವವನಿಗೆ ಮೂರೂವರೆಗೆ ಬಿಸಿ ಚಹಾ, ಎದ್ದು ಬಂದಾಗ ಬಿಸಿನೀರು, ಮೇಲೆ ಗಂಜಿ, ಒಣಮೀನಿನ ಚಟ್ನಿ. ಸಸ್ಯಾಹಾರಿಗಳಿಗೆ ಅಪ್ಪೆಮಿಡಿ.

ಅಂಥ ಒಂದು ಬೆಳಿಗ್ಗೆ ಬಳಚಿಗೆ ಹೊರಟ ಅಜ್ಜಿಯೊಬ್ಬರು ಮಂಜಿನಲ್ಲಿ ನೇರ ಕೆಸರಪ್ಪನ ಎದುರಿಗೇ ಬಂದುಬಿಟ್ಟರು. ನಾವೆಲ್ಲ ಉಸಿರು ಹಿಡಿದು ನಿಂತೆವು. ಅವರು ಬುಟ್ಟಿಯನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿ, ಅಡಿಯಿಂದ ಮುಡಿಯವರೆಗೆ ನೋಡಿ, "ತಮ್ಮಾ, ಅಲ್ಲಿ ಹೂಳು ಹೆಚ್ಚು, ಈಚೆ ಬಾ" ಎಂದು ಹೇಳಿ ಮುಂದೆ ಹೋದರು.

ತೋರಿಸಿ, ಕತ್ತರಿಸಿ

ಮುಗಿಸಿದ ಮೇಲೆ ಸ್ನೇಹಿತರಿಗೆ ತೋರಿಸಬೇಡಿ, ಅವರು ಹೊಗಳುತ್ತಾರೆ. ನಾನು ಒಂದು ಸಣ್ಣ ಸಭಾಭವನ ಹಿಡಿದು, ಪ್ರೊಜೆಕ್ಟರ್ ಹಾಕಿ, ಗುರುತಿಲ್ಲದ ಅರವತ್ತು ಜನರನ್ನು ಚಹಾ ಅವಲಕ್ಕಿಯ ಆಸೆ ತೋರಿಸಿ ಕೂರಿಸಿದೆ. ತೆರೆಯ ಕಡೆ ನೋಡದೆ ಜನರ ಕಡೆ ನೋಡುತ್ತ ನಿಂತೆ. ಎಲ್ಲಿ ಮೊಬೈಲ್ ಬೆಳಗುತ್ತದೋ ಆ ನಿಮಿಷವನ್ನು ಬರೆದುಕೊಂಡೆ. ಮನೆಗೆ ಬಂದು ಅಷ್ಟನ್ನೂ ಕತ್ತರಿಸಿದೆ.

ಕೊನೆಗೊಂದು ಕಡೆ ಕೆಸರಪ್ಪನನ್ನು ಪೂರ್ತಿ ತೋರಿಸಿದ್ದೆವು. ಒಂಬತ್ತು ಸೆಕೆಂಡ್. ತಲೆಯಿಂದ ಸೊಂಟದವರೆಗೆ, ಒಳ್ಳೆಯ ಬೆಳಕಿನಲ್ಲಿ. ಅಷ್ಟು ಕಷ್ಟಪಟ್ಟಿದ್ದೇವೆ, ಕಾಣಲಿ ಎಂದು. ಅಲ್ಲಿಯವರೆಗೆ ಅಮ್ಮನ ತೋಳಿಗೆ ಮುಖ ಒತ್ತಿ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದ ಏಳೆಂಟು ವರ್ಷದ ಹುಡುಗಿಯೊಬ್ಬಳು ಆಗ ನೆಟ್ಟಗೆ ಕೂತು, ಸಭೆಗೆಲ್ಲ ಕೇಳುವಂತೆ, "ಅಮ್ಮಾ, ಅದು ಅಡಿಕೆ ಹಾಳೆ!" ಎಂದಳು.

ಆ ಒಂಬತ್ತು ಸೆಕೆಂಡ್ ಈಗ ಚಿತ್ರದಲ್ಲಿಲ್ಲ. ವೇಷ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ತೂಗುಹಾಕಿದೆ, ಬಂದವರು ಮುಟ್ಟಿ ನೋಡಬಹುದು. ಹಾಳೆಯ ಹೊಲಿಗೆ ಹೇಗೆಂದು ತಿರುಗಿಸಿ ತೋರಿಸುತ್ತೇನೆ. ಬರುವಾಗ ಮುಂಚಿತವಾಗಿ ಫೋನ್ ಮಾಡಿ, ವೈಶಾಖದಲ್ಲಂತೂ ಬರಬೇಡಿ.